ಬೆಳಿಗ್ಗೆ ಸತ್ತು ಮಧ್ಯಾಹ್ನ ಬದುಕುವ ಕಾರ್ಡು

ಚಾಣಕ್ಯಪುರಿಯ ಒಂದು ರಾಯಭಾರ ಕಚೇರಿಯಲ್ಲಿ ಸತ್ತು ಬಿದ್ದಿದ್ದ ಕಂಪ್ಯೂಟರುಗಳನ್ನೆಲ್ಲ ನಾನು ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ನಿಂತು, ಬರೀ ಕೆಮ್ಮಿ ಬದುಕಿಸಿದವನು. ಕಾವಲಿನವರು ಒಳಗೆ ಬಿಡಲಿಲ್ಲ, ಅದಕ್ಕೆ ಕೆಮ್ಮಬೇಕಾಯಿತು. ಬಿಟ್ಟಿದ್ದರೆ ಕಣ್ಣಲ್ಲೇ ಮುಗಿಸುತ್ತಿದ್ದೆ. ರಾಯಭಾರಿಗಳು ಬರಿಗಾಲಲ್ಲಿ ಓಡಿ ಬಂದು, ನಮ್ಮ ದೇಶಕ್ಕೆ ಬಂದುಬಿಡಿ, ಮಂತ್ರಿ ಮಾಡುತ್ತೇವೆ ಎಂದರು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸು ಒಮ್ಮೆ ಬಿಟ್ಟರೆ ಮತ್ತೆ ಅಲಾಟ್ ಆಗುವುದಿಲ್ಲ ಎಂದು ನಾನೇ ಒಪ್ಪಲಿಲ್ಲ.

ಇಂಥ ಗುಂಡಣ್ಣನಾದ ನನ್ನನ್ನು ಜನವರಿಯ ಆ ಶನಿವಾರ ಬೆಳಿಗ್ಗೆ, ಲೋಧಿ ಕಾಲೋನಿಯ ಒಂದು ಮನೆಯಲ್ಲಿ, ಕಂಪ್ಯೂಟರಿನ ಪರದೆಗೆ ಚಿತ್ರ ಕಳಿಸುವ, ಅಂಗೈ ಅಗಲದ ಒಂದು ಗ್ರಾಫಿಕ್ಸ್ ಕಾರ್ಡು ನಾಲಿಗೆ ಚಾಚಿ ಅಣಕಿಸುತ್ತಿತ್ತು.

ಪರದೆಯ ಮೇಲೆ ಒಂದು ಅಡುಗೆಮನೆ ಇತ್ತು. ನೋಯ್ಡಾದ ಯಾರದೋ ಹೊಸ ಫ್ಲ್ಯಾಟಿಗೆ ಗಾನವಿ ಕಟ್ಟಿಕೊಡುತ್ತಿದ್ದದ್ದು. ಆ ಹುಡುಗಿಯ ಕೆಲಸವೇ ಅದು, ಇನ್ನೂ ಇಟ್ಟಿಗೆ ಬೀಳದ ಮನೆಯೊಳಗೆ ಜನರನ್ನು ಕಂಪ್ಯೂಟರಿನಲ್ಲಿ ನಡೆದಾಡಿಸುವುದು. ಅವಳು ಮೌಸ್ ತಿರುಗಿಸಿದಳು. ಬಾಗಿಲು ದಾಟಿದೆವು, ಸಿಂಕಿನ ತನಕ ಹೋದೆವು. ಅಲ್ಲಿ ಗೋಡೆ ನೇರಳೆಗೆ ತಿರುಗಿತು. ಗ್ಯಾಸ್ ಕಟ್ಟೆಯ ಮೇಲೆ ಹಸಿರು ಚೌಕಗಳು ಎದ್ದವು. ಮೇಲಿಂದ ಪಟ್ಟೆ ಪಟ್ಟೆಯಾಗಿ ಗೆರೆಗಳು ಇಳಿದು, ಎಲ್ಲವೂ ನಿಂತುಹೋಯಿತು.

"ನೋಡಿದ್ರಾ ಅಂಕಲ್," ಎಂದಳು ಗಾನವಿ. "ಡೈಲಿ ಮಾರ್ನಿಂಗ್ ಹೀಗೇ. ಮಧ್ಯಾಹ್ನ ಆದ್ರೆ ಬಿಲ್ಕುಲ್ ಠೀಕ್."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಸ್ವೆಟರಿನ ತೋಳನ್ನು ಬೆರಳಿನ ತನಕ ಎಳೆದುಕೊಂಡು ಕೂತಿದ್ದಳು.

ದಸರಾ ಹೊತ್ತಿಗೆ ಆ ಕಾರ್ಡನ್ನು ತಂದುಕೊಟ್ಟವನು ಕಿಶನ್, ಅವಳನ್ನು ಮದುವೆಯಾಗಬೇಕಿದ್ದ ಅಂಕೋಲದ ಹುಡುಗ. ಅವನು ಹಳೆಯ ಕಾರ್ಡನ್ನು ಹೊಸ ಡಬ್ಬಿಯಲ್ಲಿಟ್ಟು ಕೊಟ್ಟಿದ್ದಾನೆ ಎಂದು ಕಳೆದ ವಾರ ತೀರ್ಪು ಕೊಟ್ಟವನು ನಾನು.

ಸುಮ್ಮನೆ ಕೊಟ್ಟ ತೀರ್ಪಲ್ಲ, ಸಾಕ್ಷಿ ಇತ್ತು. ಕಾರ್ಡಿನ ಮೇಲೊಂದು ಪುಟ್ಟ ಫ್ಯಾನು ಇರುತ್ತದೆ. ಅದರ ನಡುವೆ ರೂಪಾಯಿ ಅಗಲದ ಸ್ಟಿಕ್ಕರ್. ಆ ಸ್ಟಿಕ್ಕರಿನ ಅಂಚು ಎದ್ದಿತ್ತು. ಪಕ್ಕದ ಸ್ಕ್ರೂವಿನ ತಲೆ ಕೆರೆದಿತ್ತು. ಅಂದರೆ ಯಾರೋ ಮೊದಲೇ ಬಿಚ್ಚಿದ್ದಾರೆ. ಹೊಸ ಮಾಲನ್ನು ಯಾರು ಬಿಚ್ಚುತ್ತಾರೆ? ಇಷ್ಟನ್ನು ನಾನು ಎರಡೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಲೀಲಾವತಮ್ಮ, ಅಂದರೆ ಗಾನವಿಯ ತಾಯಿ, ಅವತ್ತು ಬಿಸಿ ಬಿಸಿ ಅವಲಕ್ಕಿ ಉಪ್ಪಿಟ್ಟು ಕೊಟ್ಟಿದ್ದರು. ಅದರ ಋಣಕ್ಕೆ ನಾನು ಪ್ಲೇಟು ಖಾಲಿಯಾಗುವವರೆಗೆ ದೆಹಲಿಯ ಕಳ್ಳ ಮಾಲಿನ ಇತಿಹಾಸವನ್ನೇ ಹೇಳಿದೆ. ಕೊನೆಗೆ ಕಿಶನ್ ಬರೀ ಹಳೆ ಕಾರ್ಡು ಕೊಟ್ಟವನಾಗಿ ಉಳಿಯಲಿಲ್ಲ, ಹಳೆ ಕಾರ್ಡಿನ ದೊಡ್ಡ ಜಾಲವೊಂದರ ಸದಸ್ಯನಾಗಿದ್ದ.

ಗಾನವಿ ಅವನಿಗೆ ಫೋನು ಮಾಡಿ ಕೇಳಿದಳಂತೆ. ಅವನು ಇಲ್ಲ ಎಂದನಂತೆ. ಇವಳು ಇನ್ನೊಮ್ಮೆ ಕೇಳಿದಳಂತೆ. ಎರಡನೇ ಸಲ ಕೇಳಬಾರದಿತ್ತು ಎಂದು ಅವಳಿಗೆ ಆಗಲೇ ಅನ್ನಿಸಿತ್ತಂತೆ. ಫೋನು ಕಟ್ಟಾಯಿತು. ಅಲ್ಲಿಂದಾಚೆ ಸ್ವಿಚ್ ಆಫ್. ಮುನಿರ್ಕಾದ ಅವನ ಬಾಡಿಗೆ ಕೋಣೆಗೆ ಹೋದರೆ ಬೀಗ.

"ಕಾರ್ಡ್ ಹಾಳಾದ್ರೆ ಹಾಳಾಗ್ಲಿ," ಎಂದಳು ಗಾನವಿ. "ಅವನು ನನಗೆ ಸುಳ್ಳು ಹೇಳಿದ್ನಾ ಇಲ್ವಾ, ಅಷ್ಟು ಹೇಳಿ ಅಂಕಲ್. ಇನ್ನೊಂದ್ಸಲ, ಸರಿಯಾಗಿ ನೋಡಿ. ಪ್ಲೀಸ್."

ಸರಿಯಾಗಿ ಎಂಬ ಮಾತು ನನ್ನಂಥವನಿಗೆ ಚುಚ್ಚಬೇಕಿತ್ತು. ಅವಳ ಮುಖ ನೋಡಿ ಚುಚ್ಚಿಸಿಕೊಳ್ಳಲಾಗಲಿಲ್ಲ.

ತನಿಖೆ ಶುರುವಾಯಿತು. ಆರೋಪಿಗಳನ್ನು ಒಬ್ಬೊಬ್ಬರಾಗಿ ಕರೆದೆ.

ಮೊದಲನೆಯವನು ಮಾನಿಟರು. ಬಣ್ಣ ಕೆಡುವುದು ಅವನ ಮುಖದ ಮೇಲೆ, ಆದ್ದರಿಂದ ಲೋಕವೆಲ್ಲ ಅವನನ್ನೇ ಹೊಡೆಯುತ್ತದೆ. ನಾನು ನನ್ನ ಮನೆಯ ಮಾನಿಟರನ್ನು ಬಜಾಜ್ ಸ್ಕೂಟರಿನ ಹಿಂದೆ ಕಟ್ಟಿಕೊಂಡು, ಸಂಜೀವಿನಿ ಪರ್ವತ ಹೊತ್ತ ಹನುಮಂತನ ಹಾಗೆ ಮಂಜು ಸೀಳಿಕೊಂಡು ತಂದಿದ್ದೆ. ಅದನ್ನು ಜೋಡಿಸಿದರೂ ಅದೇ ನೇರಳೆ, ಅದೇ ಪಟ್ಟೆ. ಮಾನಿಟರು ನಿರ್ದೋಷಿ.

ಎರಡನೆಯದು ಕೇಬಲ್ಲು. ಬದಲಾಯಿಸಿದೆ, ಫಲವಿಲ್ಲ. ಮೂರನೆಯದು ಧೂಳು. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಬ್ರಷ್ಷು ಹಾಕಿ, ಉಫ್ ಎಂದು ಊದಿದೆ. ನಾನು ಊದಿದ ರಭಸಕ್ಕೆ ಲೋಧಿ ಕಾಲೋನಿಯ ಬೇವಿನ ಮರಗಳಿಂದ ಹಕ್ಕಿಗಳು ಎದ್ದು ಹೋದವು. ಪರದೆ ಮಾತ್ರ ಮತ್ತೆ ಸಿಂಕಿನ ಹತ್ತಿರವೇ ನಿಂತಿತು.

ಕಾರ್ಡನ್ನು ಕಿತ್ತು, ಅದರ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದೆ. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಅದನ್ನು ತೆಗೆದು, ಗಾನವಿಯ ಕಾಲೇಜು ಕಾಲದ ಹಳೆ ಕಾರ್ಡನ್ನು ಹಾಕಿದೆ. ಅಡುಗೆಮನೆ ಆಮೆಯ ಹಾಗೆ ತೆವಳಿತು, ಆದರೆ ಕೆಡಲಿಲ್ಲ. ಸಿಂಕು ದಾಟಿದೆವು, ಕಿಟಕಿ ದಾಟಿದೆವು. ಅಪರಾಧಿ ಕಿಶನ್ ಕೊಟ್ಟ ಕಾರ್ಡೇ, ಅದರಲ್ಲಿ ಸಂಶಯ ಉಳಿಯಲಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. ಹಳೆಯ ಕಾರ್ಡಾದರೆ ಇಡೀ ದಿನ ಕೆಡಬೇಕಲ್ಲ? ಇದು ಬೆಳಿಗ್ಗೆ ಸತ್ತು ಮಧ್ಯಾಹ್ನ ಬದುಕುವುದು ಹೇಗೆ? ನೆಹರೂ ಪ್ಲೇಸಿನ ಅಂಗಡಿಗೆ ಒಯ್ದಾಗಲೂ ಅಲ್ಲಿನ ಭಯ್ಯಾ ಓಡಿಸಿ ತೋರಿಸಿ, ಏನೂ ಆಗಿಲ್ಲ ತಗೊಂಡು ಹೋಗಿ ಎಂದಿದ್ದನಂತೆ. ಅವನೂ ಜಾಲದವನು ಎಂದು ಕಳೆದ ವಾರ ನಾನು ಹೇಳಿದ್ದೆನಲ್ಲ.

ಕಾರ್ಡನ್ನು ಮತ್ತೆ ಹಾಕಿ, ಕ್ಯಾಬಿನೆಟ್ಟು ತೆರೆದೇ ಇಟ್ಟು, ಟಾರ್ಚು ಹಿಡಿದು ಒಳಗೆ ನೋಡುತ್ತ ಕೂತೆ. ಪ್ರೊಸೆಸರಿನ ಫ್ಯಾನು ತಿರುಗುತ್ತಿತ್ತು. ಪವರ್ ಸಪ್ಲೈ ಫ್ಯಾನು ತಿರುಗುತ್ತಿತ್ತು. ಕಾರ್ಡಿನ ಮೇಲಿನ ಪುಟ್ಟ ಫ್ಯಾನು ಒಂದಿಷ್ಟು ಮಿಡುಕಿತು, ನಿಂತಿತು. ಮತ್ತೆ ಮಿಡುಕಿತು, ನಿಂತಿತು. ರೆಕ್ಕೆಯನ್ನು ಬೆರಳಿನಿಂದ ತಳ್ಳಿದೆ. ಜೇನಿನಲ್ಲಿ ಚಮಚ ತಿರುಗಿಸಿದ ಹಾಗೆ ಬಿಗಿಯಾಗಿತ್ತು.

ಗಾಳಿಯಿಲ್ಲದೆ ಕಾರ್ಡು ಬಿಸಿಯಾಗುತ್ತಿದೆ. ಕಾದು ಹುಚ್ಚು ಬಣ್ಣ ಕಕ್ಕುತ್ತಿದೆ. ಇಷ್ಟು ಖಚಿತವಾಯಿತು.

ಅಷ್ಟರಲ್ಲಿ ಲೀಲಾವತಮ್ಮ ಒಳಗೆ ಬಂದರು. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗಳನ್ನು ಬೆಳೆಸಿದವರು. ಮಾತು ಕಡಿಮೆ. ಇಬ್ಬರೂ ಚಳಿಯಲ್ಲಿ ಕೂತಿದ್ದೀರಲ್ಲ ಎಂದು ರೂಮ್ ಹೀಟರನ್ನು ತಂದು ನಮ್ಮ ಕಾಲಿನ ಹತ್ತಿರ ಇಟ್ಟರು. ಅದರ ಕೆಂಪು ಕಂಬಿ ಕ್ಯಾಬಿನೆಟ್ಟಿನ ಬಾಯಿಗೆ ನೇರವಾಗಿತ್ತು. ಕಿಶನ್ ಏನಾದರೂ ಸಿಕ್ಕನೇ, ನಿಮಗೆ ಎಲ್ಲ ಕಡೆ ಪರಿಚಯ ಇದೆಯಲ್ಲ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಾನು ಸ್ಕ್ರೂಡ್ರೈವರಿನ ತುದಿ ಒರೆಸುತ್ತ, ಜಾಲ ಬೀಸಿದ್ದೇನೆ ಎಂದೆ.

ಚಹಾ ಮಾಡಲು ಅವರು ಹೋದರು. ಗಾನವಿ ಮೊಬೈಲು ತೆಗೆದು, ಒಂದು ನಂಬರು ಒತ್ತಿ, ಕಿವಿಗೆ ಹಿಡಿದು, ಇಳಿಸಿದಳು. ಅದನ್ನು ಅವಳು ಮಾಡಿದ ರೀತಿ ಹೇಗಿತ್ತೆಂದರೆ, ಕಣ್ಣಿನ ಮುಂದಿನ ಕೂದಲನ್ನು ಸರಿಸಿಕೊಂಡ ಹಾಗೆ.

ಆಗ ಸಣ್ಣ ಸದ್ದು ಕೇಳಿತು. ಕಾರ್ಡಿನ ಫ್ಯಾನು ತಿರುಗತೊಡಗಿತ್ತು. ಮೊದಲು ಸೋಮಾರಿಯಾಗಿ, ಆಮೇಲೆ ರೆಕ್ಕೆ ಕಾಣದಷ್ಟು ಜೋರಾಗಿ.

"ಅಂಕಲ್, ಹೀಟರ್‌ನಿಂದ?" ಗಾನವಿ ನೆಲಕ್ಕೆ ಮಂಡಿಯೂರಿದಳು.

ಚಳಿಗೆ ಗಟ್ಟಿಯಾಗಿ, ಶಾಖಕ್ಕೆ ಕರಗುವ ಏನೋ ಒಂದು ಆ ಫ್ಯಾನಿನ ಹೊಟ್ಟೆಯಲ್ಲಿತ್ತು. ಮಧ್ಯಾಹ್ನ ಬದುಕುವುದು ಅದಕ್ಕೇ. ನೆಹರೂ ಪ್ಲೇಸಿನ ಬೆಚ್ಚಗಿನ ಅಂಗಡಿಯಲ್ಲಿ ಬದುಕಿದ್ದೂ ಅದಕ್ಕೇ. ಕರೆಂಟು ತೆಗೆದು, ಕಾರ್ಡು ಕಿತ್ತು, ಕಿಟಕಿಯ ಹತ್ತಿರ ತಣ್ಣಗಾಗಲು ಬಿಟ್ಟೆ. ಆಮೇಲೆ ಆ ಎದ್ದ ಸ್ಟಿಕ್ಕರನ್ನು ಉಗುರಿನಿಂದ ಪೂರ್ತಿ ತೆರೆದೆ.

ಒಳಗೆ ತುಪ್ಪದ ಹಾಗೆ ಹೆಪ್ಪುಗಟ್ಟಿದ ಬಿಳಿ. ಬಿಳಿಯಲ್ಲಿ ಎಳೆ ಹಸಿರಿನ ಛಾಯೆ.

ಕೊಬ್ಬರಿ ಎಣ್ಣೆ.

ಓದುಗರೇ, ನಾನು ಹುಲಿಯ ಕಣ್ಣಲ್ಲಿ ಕಣ್ಣಿಟ್ಟು ಕೂತವನು, ಯಮುನೆಯ ನೆರೆಯಲ್ಲಿ ಹೀಟರು ರಿಪೇರಿ ಮಾಡಿದವನು. ನನ್ನ ಎದೆ ಎಂದೂ ಹೊಡೆದುಕೊಂಡಿರಲಿಲ್ಲ. ಆ ಹಸಿರು ನೋಡಿದೊಡನೆ ಹೊಡೆದುಕೊಂಡಿತು. ಆ ಎಣ್ಣೆಯನ್ನು ಹಿಂದೆ ನೋಡಿದ್ದೆ. ಎಲ್ಲಿ ಎಂದೂ ಗೊತ್ತಿತ್ತು.

ಗಾನವಿ ನನ್ನ ಬಾಯನ್ನೇ ನೋಡುತ್ತಿದ್ದಳು. ಅಲ್ಲಿಂದ ಒಂದು ಮಾತು ಬಿದ್ದರೆ ಕಿಶನ್ ಬದುಕುತ್ತಾನೆ, ಇನ್ನೊಂದು ಬಿದ್ದರೆ ಸಾಯುತ್ತಾನೆ. ನನ್ನ ಬಾಯಿ ತನ್ನಷ್ಟಕ್ಕೆ ಹೊರಟಿತು. ಇದೇ ಪುರಾವೆ ಎಂದೆ. ಹಳೆ ಫ್ಯಾನು ಕಿರುಗುಟ್ಟುತ್ತಿದ್ದಿರಬೇಕು, ಸದ್ದಡಗಿಸಲು ಎಣ್ಣೆ ಬಿಟ್ಟಿದ್ದಾರೆ ಎಂದೆ. ದೆಹಲಿಯವರಿಗೆ ಸಾಸಿವೆ ಎಣ್ಣೆ. ಕೊಬ್ಬರಿ ಎಣ್ಣೆ ಯಾರ ಕೈ? ಕರಾವಳಿಯವರ ಕೈ. ಅಂಕೋಲದ ಕೈ.

ಅವಳು ಅಳಲಿಲ್ಲ. "ಅಚ್ಛಾ," ಎಂದಳು. "ನಾನು ತಪ್ಪು ಕೇಳ್ಲಿಲ್ಲ ಹಾಗಾದ್ರೆ," ಎಂದಳು. ಆಮೇಲೆ ಮೊಬೈಲಿನಲ್ಲಿ ಏನೋ ಹುಡುಕಿ, ಹೆಬ್ಬೆರಳನ್ನು ಒಂದು ಬಟನ್ನಿನ ಮೇಲಿಟ್ಟು, ಒತ್ತದೆ ಹಾಗೇ ಹಿಡಿದು ಕೂತಳು. ಪರದೆಯ ಮೇಲೆ ಕಿಶನ್ ಎಂಬ ಹೆಸರು, ಅದರ ಕೆಳಗೆ ಅಳಿಸಬೇಕೇ ಎಂಬ ಪ್ರಶ್ನೆ.

ಲೀಲಾವತಮ್ಮ ಚಹಾ ತಂದವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಲೋಟಗಳನ್ನು ಕೆಳಗಿಟ್ಟು ನನ್ನತ್ತ ಕೈ ಚಾಚಿದರು.

"ಕೊಡಿ ಇಲ್ಲಿ."

ನಾನು ಇದು ಸೂಕ್ಷ್ಮದ ವಸ್ತು, ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದೆಲ್ಲ ಹೇಳಿದೆ. ಚಾಚಿದ ಕೈ ಹಾಗೇ ಇತ್ತು. ಕೊಟ್ಟೆ. ಅವರು ಆ ಹೆಪ್ಪನ್ನು ಕಿರುಬೆರಳಿನ ತುದಿಯಿಂದ ತೆಗೆದು, ಹೆಬ್ಬೆರಳಿಗೆ ತಿಕ್ಕಿ, ಮೂಗಿನ ಹತ್ತಿರ ಹಿಡಿದರು.

"ಇದು ಅಂಗಡಿ ಎಣ್ಣೆ ಅಲ್ಲ," ಎಂದರು. "ಇದ್ರಲ್ಲಿ ಗರಗದ ಸೊಪ್ಪಿದೆ. ಮೆಂತ್ಯ ಇದೆ. ಇದು ನಾನು ಕಾಯಿಸಿದ್ದು."

ಊರಿಗೆ ಹೋದಾಗಲೆಲ್ಲ ಸೊಪ್ಪು ಒಣಗಿಸಿ ತಂದು, ವರ್ಷಕ್ಕೊಮ್ಮೆ ಅವರು ಎಣ್ಣೆ ಕಾಯಿಸುತ್ತಾರೆ. ಚಳಿಗಾಲದಲ್ಲಿ ಆ ಬಾಟಲಿ ದಕ್ಷಿಣದವರ ಎಲ್ಲ ಮನೆಗಳ ಬಾಟಲಿಯ ಹಾಗೆ ಬಾಲ್ಕನಿಯ ಬಿಸಿಲಿನಲ್ಲಿ ನಿಂತಿರುತ್ತದೆ. ಇಲ್ಲದಿದ್ದರೆ ತಲೆಗೆ ಹಚ್ಚಲು ಅದನ್ನು ಚಾಕುವಿನಿಂದ ಕೆತ್ತಬೇಕು. ದೆಹಲಿಯಲ್ಲಿರುವ ಕನ್ನಡದ ಮಗುವಿಗೂ ಇದು ಗೊತ್ತು.

ಗಾನವಿ ತಲೆಯೆತ್ತಿದಳು. "ಕಿಶನ್ ತಗೊಂಡಿದ್ನಾ ಅಮ್ಮಾ?"

"ಇಲ್ಲ, ಅವನು ದೀಪಾವಳಿಗೆ ಊರಲ್ಲಿದ್ದ. ನೀನು ನಿನ್ನ ಫ್ರೆಂಡ್ ಮನೆಗೆ ಹೋಗಿದ್ದೆ. ಆಗ ಕಂಪ್ಯೂಟರ್ ಗುಂಯ್ ಅಂತ ಸದ್ದು ಮಾಡ್ತಿದೆ ಅಂತ ನಾನೇ ಇವ್ರನ್ನ ಕರೆದೆ." ಅವರು ನನ್ನ ಕಡೆ ತಿರುಗಿದರು. "ಒಂದು ಚಮಚ ಎಣ್ಣೆ ಕೇಳಿದ್ರಿ ಗುಂಡಣ್ಣನವರೇ. ತಲೆಗೆ ಅಂದ್ರಿ. ನಿಮ್ಮ ತಲೆ ನೋಡಿ ನಾನು ಏನೂ ಕೇಳ್ಲಿಲ್ಲ. ಪಾಪ, ಆಸೆ ಇರುತ್ತೆ ಅಂದ್ಕೊಂಡೆ."

ಈ ಅಂಕಣದ ಹಿಂದಿನ ಕಂತುಗಳಲ್ಲಿ ನನ್ನ ಗುಂಗುರು ಕೂದಲಿನ ವರ್ಣನೆ ಓದಿದವರು ದಯವಿಟ್ಟು ಅದನ್ನು ಮರೆತುಬಿಡಬೇಕು. ನನ್ನ ಬೋಳು ತಲೆಯ ಮೇಲೆ ಟ್ಯೂಬ್‌ಲೈಟು ಕಾಣಿಸುತ್ತದೆ.

ಗಾನವಿ ನಗಲಿಲ್ಲ. "ಅಂಕಲ್," ಎಂದಳು ಅಷ್ಟೇ.

ನಾನು ಬಾಯಿ ತೆರೆದೆ. ಮೂರು ಕಥೆಗಳು ಸಾಲಾಗಿ ನಿಂತಿದ್ದವು. ಎಣ್ಣೆ ಕದ್ದವನದ್ದು, ಎಣ್ಣೆ ಚೆಲ್ಲಿದ ಬೆಕ್ಕಿನದ್ದು, ಇನ್ನೊಂದು ಪಾಕಿಸ್ತಾನದ್ದು. ಒಂದೂ ಹೊರಗೆ ಬರಲಿಲ್ಲ. ಅವಳ ಹೆಬ್ಬೆರಳು ಇನ್ನೂ ಆ ಬಟನ್ನಿನ ಮೇಲೇ ಇತ್ತು.

"ನಾನೇ ಹಾಕಿದ್ದು," ಎಂದೆ. "ಫ್ಯಾನು ಸದ್ದು ಮಾಡ್ತಿತ್ತು. ಅದಕ್ಕೆ ಏನು ಮಾಡ್ಬೇಕು ಅಂತ ತಿಳಿದಿರಲಿಲ್ಲ. ನಮ್ಮ ಮನೇಲಿ ಬಾಗಿಲು ಕಿರುಗುಟ್ಟಿದ್ರೆ ಕೊಬ್ಬರಿ ಎಣ್ಣೆ ಬಿಡ್ತಾರೆ. ಬಿಟ್ಟೆ. ಸದ್ದು ನಿಂತಿತು. ಬರೀ ದಿಟ್ಟಿಸಿ ನೋಡಿ ನಿಲ್ಲಿಸಿದೆ ಅಂತ ನಿಮ್ಮಮ್ಮನಿಗೆ ಹೇಳಿದೆ."

"ಆ ಸ್ಟಿಕ್ಕರ್?"

"ನಾನೇ ಎಬ್ಬಿಸಿದ್ದು. ಸ್ಕ್ರೂ ಕೆರೆದದ್ದೂ ನಾನೇ."

"ಲಾಸ್ಟ್ ವೀಕ್ ನಿಮಗೆ ನೆನಪಿರಲಿಲ್ವಾ?"

ಇರಲಿಲ್ಲ ಎಂದರೆ ನಂಬುತ್ತಿದ್ದಳು. ಅವಳು ನಂಬಲು ಸಿದ್ಧಳಾಗಿಯೇ ಕೇಳಿದ್ದಳು. ಅದೇ ನನ್ನನ್ನು ಕೊಂದಿತು.

"ಮಾತಾಡ್ತಾ ಮಾತಾಡ್ತಾ ನೆನಪಾಯ್ತು," ಎಂದೆ. "ಅಷ್ಟು ಹೊತ್ತಿಗೆ ನಾನು ಕಿಶನ್ ಹೆಸರು ಹೇಳಿಯಾಗಿತ್ತು. ನೀವಿಬ್ಬರೂ ಕಣ್ಣರಳಿಸಿ ಕೇಳ್ತಿದ್ರಿ. ಹಿಂದೆ ತಗೊಳ್ಳೋಕೆ ಆಗ್ಲಿಲ್ಲ."

ಲೀಲಾವತಮ್ಮ ಮಂಚದ ಅಂಚಿನಲ್ಲಿ ಕೂತರು. ಬೆರಳಿನ ಎಣ್ಣೆಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದವರ ಹಾಗೆ ಕೈಯನ್ನು ಗಾಳಿಯಲ್ಲೇ ಹಿಡಿದಿದ್ದರು. ಗಾನವಿ ಕಾರ್ಡನ್ನು ಮಡಿಲಿಗೆ ತೆಗೆದುಕೊಂಡಳು. ಸ್ವೆಟರಿನ ತೋಳಿನಿಂದ ಫ್ಯಾನಿನ ನಡುವನ್ನು ಒರೆಸತೊಡಗಿದಳು, ಮಗುವಿನ ಮೂಗು ಒರೆಸುವ ಹಾಗೆ. ಹೊಸದೇ ಇತ್ತು, ಹೊಸದೇ ಕೊಟ್ಟಿದ್ದ ಎಂದು ಹಿಂದಿಯಲ್ಲಿ ತನಗೆ ತಾನೇ ಹೇಳಿಕೊಂಡಳು. ಆಗ ಕಣ್ಣೀರು ಬಂತು. ಸದ್ದಿಲ್ಲದೆ, ಒರೆಸುವುದನ್ನು ನಿಲ್ಲಿಸದೆ.

ನಾನು ಅಲ್ಲಿಗೇ ಎದ್ದು ಹೋಗಬಹುದಿತ್ತು. ತಪ್ಪೊಪ್ಪಿಕೊಂಡಾಗಿತ್ತು. ತಲೆ ತಗ್ಗಿಸಿ, ಮಾನಿಟರು ಹೊತ್ತು, ಸ್ಕೂಟರು ಏರಿದ್ದರೆ ಇವರು ನನ್ನನ್ನು ಬರೀ ಎಣ್ಣೆ ಹಾಕಿದ ದಡ್ಡ ಎಂದು ನೆನೆಸಿಕೊಳ್ಳುತ್ತಿದ್ದರು.

"ನಾನು ಅವನಿಗೆ ಸಾರಿ ಹೇಳ್ಬೇಕು," ಎಂದಳು ಗಾನವಿ. "ಬಟ್ ಅವನು ಎಲ್ಲಿದಾನೆ ಅಂತ ಯಾರಿಗೂ ಗೊತ್ತಿಲ್ಲ."

ಯಾರಿಗೂ.

"ನನಗೆ ಗೊತ್ತು," ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಇದೂ ಒಂದು ಬೊಗಳೆ ಎಂದುಕೊಂಡದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಅದು ಬೊಗಳೆಯಾಗಿದ್ದರೆ ನಾನು ಮುಂದೆ ಬರುವ ನನ್ನ ಪಿಂಚಣಿ ಬರೆದುಕೊಡುತ್ತಿದ್ದೆ.

"ಬುಧವಾರ ನಮ್ಮ ಮನೆಗೆ ಬಂದಿದ್ದ," ಎಂದೆ. "ಆ ಕಾರ್ಡನ್ನ ಇನ್ನೊಂದ್ಸಲ ನೋಡಿ ಅಂಕಲ್, ನೀವು ಹೇಳಿದ್ರೆ ಅವಳು ಕೇಳ್ತಾಳೆ ಅಂತ ಬೇಡಿಕೊಂಡ. ಕಂಪನಿಯವರು ಪುಣೆಗೆ ಕಳಿಸ್ತೀವಿ ಅಂತಿದಾರಂತೆ. ಅವಳು ಒಂದು ಮಾತು ಹೇಳಿದ್ರೆ ಹೋಗಲ್ಲ ಅಂದ. ಅವಳಿಗೆ ತುಂಬಾ ಕೋಪ ಇದೆಯಾ ಅಂತ ಕೇಳ್ದ."

"ನೀವು ಏನಂದ್ರಿ?"

ಅವಳು ನಿಜವಾಗಿ ಹೇಳಿದ್ದು ನನಗೆ ಗೊತ್ತಿತ್ತು. ಮಂಗಳವಾರ ಫೋನಿನಲ್ಲಿ ನನಗೇ ಹೇಳಿದ್ದಳು, ಅವನು ಸಿಕ್ಕರೆ ಒಂದು ಸಲ ಕೂತು ಮಾತಾಡಬೇಕು ಎಂದು. ಅಷ್ಟನ್ನೇ ತಲುಪಿಸಿದ್ದರೆ ಸಾಕಿತ್ತು. ಆದರೆ ಅಷ್ಟು ಸಣ್ಣ ಮಾತನ್ನು ಅಷ್ಟೇ ಸಣ್ಣದಾಗಿ ಒಯ್ದು ಕೊಟ್ಟ ಅಭ್ಯಾಸ ನನ್ನ ನಾಲಿಗೆಗೆ ಇಲ್ಲ. ಮೇಲಾಗಿ, ಕಾರ್ಡನ್ನು ಇನ್ನೊಮ್ಮೆ ನೋಡುವುದು ನನಗೆ ಬೇಕಿರಲಿಲ್ಲ.

"ನಿನ್ನ ಹೆಸರೆತ್ತಿದ್ರೆ ಅವಳು ಕಿವಿ ಮುಚ್ಕೋತಾಳೆ ಅಂದೆ," ಎಂದೆ. "ನೀನು ಕೊಟ್ಟಿದ್ದನ್ನೆಲ್ಲ ಕಸಕ್ಕೆ ಹಾಕಿದಾಳೆ ಅಂದೆ. ನಿನ್ನ ಮುಖ ನೋಡಿದ್ರೆ ಪ್ರಾಣ ಬಿಡ್ತೀನಿ ಅಂತ ಅವಳು ನನ್ನ ಕೈ ಹಿಡ್ಕೊಂಡು ಅತ್ಲು ಅಂದೆ. ಗಾನವಿ, ಅವನು ಚಪ್ಪಲಿ ಹಾಕ್ಕೊಂಡ. ಮೆಟ್ಟಿಲಲ್ಲಿ ನಿಂತು, ಶನಿವಾರ ಸಾಯಂಕಾಲ ಟ್ರೈನು ಅಂಕಲ್, ಇನ್ನು ಈ ನಂಬರ್ ಇಟ್ಕೊಳ್ಳಲ್ಲ ಅಂದ."

ಶನಿವಾರ. ಲೀಲಾವತಮ್ಮನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಗಾನವಿ ಆಗಲೇ ಎದ್ದು ಶೂಗಳಿಗೆ ಕಾಲು ತುರುಕುತ್ತಿದ್ದಳು. ಕಾರ್ಡು ಅವಳ ಕೈಯಲ್ಲೇ ಇತ್ತು.

"ಯಾವ ಸ್ಟೇಷನ್?" ಎಂದಳು. "ನಿಜಾಮುದ್ದೀನ್? ನ್ಯೂ ಡೆಲ್ಲಿ? ಓಲ್ಡ್ ಡೆಲ್ಲಿ? ಜಲ್ದಿ ಹೇಳಿ ಅಂಕಲ್."

ಅವನು ಹೇಳಿದ್ದ. ಮೆಟ್ಟಿಲಿಳಿಯುತ್ತ ಹೇಳಿದ್ದ. ಅದೇ ಹೊತ್ತಿಗೆ ನಾನು ಮೇಲಿನಿಂದ, ಪುಣೆಯಲ್ಲಿ ನನಗೆ ಗೊತ್ತಿರುವ ದೊಡ್ಡ ಮನುಷ್ಯರ ಹೆಸರುಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಿದ್ದೆ. ಅವನ ಮಾತು ನನ್ನ ಮಾತಿನಡಿ ಸಿಕ್ಕಿಹೋಯಿತು. ನಾನು ಕೇಳಿಸಿಕೊಳ್ಳಲಿಲ್ಲ.

"ಗೊತ್ತಿಲ್ಲ," ಎಂದೆ.